ಮಳೆಗಾಲದಲ್ಲಿ ಮೀಲ್‌ವರ್ಮ್ ಸಾಕಲು ಹೊರಟವರೇ, ಸ್ವಲ್ಪ ನಿಲ್ಲಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ತೋಟ, ಎರಡು ಹಸು, ಹೋದ ವರ್ಷದಿಂದ ಒಂದು ಗಡ್ಡದ ಓಂತಿ. ಬಿಯರ್ಡೆಡ್ ಡ್ರ್ಯಾಗನ್ ಅಂತಾರಲ್ಲ, ಆಸ್ಟ್ರೇಲಿಯಾ ಮೂಲದ್ದು, ಅದೇ. ಅಕ್ಕನ ಮಗ ದುಬೈಗೆ ಹೊರಡುವಾಗ ಗಾಜಿನ ಪೆಟ್ಟಿಗೆ ಸಮೇತ ನನಗೆ ಒಪ್ಪಿಸಿ ಹೋದ. ತೋಟದ ಬೇಲಿ ತುಂಬ ಓಂತಿ ಇರುವಾಗ ದುಡ್ಡು ಕೊಟ್ಟು ತಂದದ್ದು ಯಾಕೆ ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಅದಕ್ಕೆ ಸೊಪ್ಪಿನ ಜೊತೆ ಜೀವಂತ ಹುಳ ಬೇಕು. ಪ್ರತಿ ಸಲ ಮಂಗಳೂರಿನಿಂದ ತರುವುದು ಆಗುವ ಮಾತಲ್ಲ. ಮನೆಯಲ್ಲೇ ಸಾಕೋಣ ಅಂತ ಏಪ್ರಿಲ್‌ನಲ್ಲಿ 500 ಮೀಲ್‌ವರ್ಮ್ ತರಿಸಿದೆ, ಒಂದು ಜಾತಿಯ ದುಂಬಿಯ ಮರಿಹುಳ ಇದು. ಮಾರಿದವನು ಹೇಳಿದ್ದು ಇಷ್ಟೇ: ಗೋಧಿ ಬೂಸಾ ಹಾಕಿ, ಕ್ಯಾರೆಟ್ ತುಂಡು ಹಾಕಿ, ಮರೆತುಬಿಡಿ.

ಬೂಸಾಕ್ಕೆ ಬೇರೆ ದುಡ್ಡು ಯಾಕೆ? ಹಟ್ಟಿಯಲ್ಲಿ ಹಸುವಿನ ಚೀಲ ಬಾಯಿ ಬಿಚ್ಚಿಕೊಂಡೇ ಇತ್ತು. ಅದರಿಂದ ಎರಡು ಸೇರು ತೆಗೆದು ಡಬ್ಬಕ್ಕೆ ಸುರಿದೆ. ನಾನು ಮಾಡಿದ ದೊಡ್ಡ ತಪ್ಪು ಇದೇ.

ಮೇ ಮುಗಿಯುವವರೆಗೆ ಎಲ್ಲ ಸಲೀಸು. ಹುಳ ಕೋಶವಾಯಿತು, ಕೋಶ ಒಡೆದು ಕಪ್ಪು ದುಂಬಿ ಬಂತು, ಒಂದೊಂದು ಹೆಣ್ಣು ದುಂಬಿ ನೂರಾರು ಮೊಟ್ಟೆ ಇಟ್ಟಿತು. ಕೂದಲಿನಷ್ಟು ಸಪೂರದ ಮರಿಗಳು ಕಂಡಾಗ ನಾನೇ ದೊಡ್ಡ ಕೃಷಿಕ ಅನ್ನಿಸಿತ್ತು.

ಜೂನ್ ಬಂತು. ಇಲ್ಲಿಯ ಮಳೆ ಗೊತ್ತಲ್ವಾ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಡಬ್ಬ ಉಗ್ರಾಣದಲ್ಲಿತ್ತು, ಅಕ್ಕಿ, ಹುರುಳಿ, ಗೋಧಿ ಹಿಟ್ಟಿನ ಪಕ್ಕ. ಒಂದು ಬೆಳಿಗ್ಗೆ ನೋಡಿದರೆ ಮುಚ್ಚಳದ ಸುತ್ತ ತೆಳ್ಳಗೆ ಕಂದು ಧೂಳು. ಬೂಸಾ ಚೆಲ್ಲಿರಬೇಕು ಅಂತ ಬಟ್ಟೆಯಲ್ಲಿ ಒರೆಸಿದೆ. ಸಂಜೆಗೆ ಮತ್ತೆ ಅಷ್ಟೇ ಧೂಳು. ಬೆರಳಲ್ಲಿ ಉಜ್ಜಿ ಮೂಸಿದರೆ ಪುದೀನದಂಥ ಒಂದು ವಾಸನೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಧೂಳು ನಡೆಯುತ್ತಿತ್ತು.

ನುಸಿ. ತೆಂಗಿನಕಾಯಿ ಕಲೆ ಮಾಡುವ ನುಸಿಯಲ್ಲ, ಇದು ಧಾನ್ಯಕ್ಕೆ, ಹಿಟ್ಟಿಗೆ ಬೀಳುವ ಬೇರೆ ಜಾತಿ. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಗಾಳಿಯಲ್ಲಿ ತೇವ ಇದ್ದಷ್ಟೂ ಇದಕ್ಕೆ ಹಬ್ಬ. ನಾನು ಹಾಕಿಟ್ಟ ಕ್ಯಾರೆಟ್ ತುಂಡುಗಳು ಬೂಸಾದೊಳಗೆ ಕೊಳೆತು ಬೂಷ್ಟು ಹಿಡಿದಿದ್ದವು, ಸುತ್ತ ಬೂಸಾ ಗಟ್ಟಿ ಕಟ್ಟಿತ್ತು. ಮರಿಗಳೆಲ್ಲ ಸತ್ತಿದ್ದವು. ಅಮೋನಿಯಾದ ನಾತ ಬೇರೆ.

ಡಬ್ಬ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಗೋಧಿ ಹಿಟ್ಟಿನ ಡಬ್ಬಕ್ಕೂ ನುಸಿ ಹತ್ತಿತ್ತು, ಹುರುಳಿಗೂ ಹತ್ತಿತ್ತು. ಅಮ್ಮ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನ್ನ ಮೊಣಕೈವರೆಗೆ ಕೆಂಪು ಗುಳ್ಳೆ, ರಾತ್ರಿಯಿಡೀ ತುರಿಕೆ. ಹಟ್ಟಿಗೆ ಹೋಗಿ ಆ ಹಳೆಯ ಚೀಲದಿಂದ ಒಂದು ಹಿಡಿ ಬೂಸಾ ಕಪ್ಪು ಕಾಗದದ ಮೇಲೆ ಗುಡ್ಡೆ ಹಾಕಿ, ಮೇಲೆ ತಟ್ಟಿ ನಯ ಮಾಡಿಟ್ಟೆ. ಕಾಲು ಗಂಟೆಯಲ್ಲಿ ಗುಡ್ಡೆ ತಾನಾಗಿ ಕುಸಿದು ಅಂಚಿನಲ್ಲಿ ಧೂಳು ಹರಡಿತ್ತು. ಅಂದರೆ ನುಸಿ ಹೊರಗಿಂದ ಬಂದದ್ದಲ್ಲ, ನಾನೇ ಸೇರು ಲೆಕ್ಕದಲ್ಲಿ ತಂದು ಹಾಕಿದ್ದು. ಅಷ್ಟು ದಿನದಿಂದ ಹಸು ಆ ಬೂಸಾ ಕಲಸಿದ ಅಕ್ಕಚ್ಚಿಗೆ ಮೂತಿ ತಿರುಗಿಸುತ್ತಿದ್ದದ್ದು ಯಾಕೆ ಅಂತಲೂ ಆಗ ಗೊತ್ತಾಯಿತು.

ಉಳಿದ ಐವತ್ತು ದೊಡ್ಡ ಹುಳ ಉಳಿಸೋಣ ಅಂತ ಹೊಸ ಡಬ್ಬಕ್ಕೆ ಹಾಕಿ, ಬೆಚ್ಚಗಿರಲಿ ಅಂತ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. 27 ಡಿಗ್ರಿ ಆಸುಪಾಸು ಇವಕ್ಕೆ ಹಿತ, 40 ದಾಟಿದರೆ ಕಷ್ಟ. ಅಪ್ಪ ಸ್ನಾನಕ್ಕೆ ಬೆಂಕಿ ಜೋರು ಮಾಡಿದರು. ಹುಳ ಹಪ್ಪಳವಾಯಿತು. ನುಸಿ ಬೂಸಾ ಎಲ್ಲವನ್ನೂ ಅದೇ ಒಲೆಗೆ ಹಾಕಿದೆ.

ಈಗ ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಿ ಮಾಡಿಸುವ ಗೊಡವೆಗೇ ಹೋಗುವುದಿಲ್ಲ, ಬೇಕಾದಷ್ಟೇ ಹುಳ ತರಿಸುತ್ತೇನೆ. ಉಳಿದ ತಿಂಗಳುಗಳಲ್ಲಿ ಹೊಸ ಬೂಸಾವನ್ನೂ ಬಾಣಲೆಯಲ್ಲಿ ಬಿಸಿಯಾಗುವಷ್ಟು ಹುರಿದು, ಪೂರ್ತಿ ಆರಿಸಿ ಹಾಕುತ್ತೇನೆ. ಮುಚ್ಚಳ ಕೊಯ್ದು ಸಣ್ಣ ಕಣ್ಣಿನ ಜಾಲರಿ ಅಂಟಿಸಿದ್ದೇನೆ. ಕ್ಯಾರೆಟ್ ಬೆಳಿಗ್ಗೆ ಎರಡು ಬಿಲ್ಲೆ, ಸಂಜೆ ಉಳಿದದ್ದು ಹೊರಗೆ. ಡಬ್ಬ ಉಗ್ರಾಣದಲ್ಲಿ ಅಲ್ಲ, ಜಗಲಿಯಲ್ಲಿ.

ಇನ್ನೊಂದು ಮಾತು, ಇದು ಪ್ರಾಣಿ ಡಾಕ್ಟರ್ ಬೈದು ಹೇಳಿದ್ದು. ಹುಳ ಸಿಗುತ್ತದೆ ಅಂತ ಬರೀ ಮೀಲ್‌ವರ್ಮ್ ತಿನ್ನಿಸಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ, ಓಂತಿಯ ಮೂಳೆ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು, ಅದೂ ಮಿತವಾಗಿ.

ಮಳೆ ಶುರುವಾದ ಮೇಲೆ ಯಾರಾದರೂ ಹುಳದ ಡಬ್ಬ ಪುಕ್ಕಟೆ ಕೊಡುತ್ತೇನೆ ಅಂದರೆ ಸುಮ್ನೆ ಹೊತ್ತು ತರಬೇಡಿ. ಅವರ ಜಗಲಿಯಲ್ಲೇ ಕೂತು ಒಂದು ಚಮಚ ಬೂಸಾ ಕಪ್ಪು ಕಾಗದಕ್ಕೆ ಹಾಕಿ. ಅವರು ಚಹಾ ಮಾಡಿ ತರುವಷ್ಟರಲ್ಲಿ ಗೊತ್ತಾಗುತ್ತದೆ.