ಟಿಎನ್‌ಜಿ100 ದತ್ತಾಂಶ ಸೇವೆ: ದಾವಣಗೆರೆಯ ಎಂಎಸ್ಸಿ ಪ್ರಾಜೆಕ್ಟಿಗೆ ಸಾಲುತ್ತದೆಯೇ?

ಕ್ಷೀರಪಥ–ಆಂಡ್ರೊಮಿಡಾದಂಥ ಗ್ಯಾಲಕ್ಸಿ ಜೋಡಿ ಹುಡುಕುವ ಪ್ರಾಜೆಕ್ಟಾದರೆ ಧಾರಾಳವಾಗಿ ಸಾಲುತ್ತದೆ. ಟಿಎನ್‌ಜಿ100 ಎಂದರೆ ಬ್ರಹ್ಮಾಂಡದ ಪೆಟ್ಟಿಗೆಯಾಕಾರದ ಒಂದು ತುಂಡು ಬೆಳೆದ ಬಗೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿದ ಇಲಸ್ಟ್ರಿಸ್ ಟಿಎನ್‌ಜಿ ಸರಣಿಯ ಒಂದು ಸಿಮ್ಯುಲೇಶನ್. ಅದರ ದತ್ತಾಂಶ ಉಚಿತ. ಹೆಸರು ನೋಂದಾಯಿಸಿದರೆ ದತ್ತಾಂಶ ಪಡೆಯುವ ಕೀ (ಸಂಕೇತಪದ) ಸಿಗುತ್ತದೆ. ಪೂರ್ತಿ ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ಇಡೀ ಪೆಟ್ಟಿಗೆಯ ಸ್ಥಿತಿ) ಒಂದೊಂದೂ ಟೆರಾಬೈಟ್ ಮೀರುತ್ತದೆ, ವಿವಿ ಕ್ಯಾಂಪಸ್ಸಾದ ಶಿವಗಂಗೋತ್ರಿಯ ಹಾಸ್ಟೆಲಿನಲ್ಲಿ ಕೂತು ಅದನ್ನು ಇಳಿಸಲು ಹೋಗಬೇಡಿ. 99ನೇ, ಅಂದರೆ ಇಂದಿನ ಬ್ರಹ್ಮಾಂಡದ, ಸ್ನ್ಯಾಪ್‌ಶಾಟಿನ ಗ್ಯಾಲಕ್ಸಿ ಪಟ್ಟಿಯಿಂದ ಸ್ಥಾನ, ವೇಗ, ದ್ರವ್ಯರಾಶಿ ಇಷ್ಟೇ ತೆಗೆದುಕೊಳ್ಳಿ.

ಕ್ಷೀರಪಥ–ಆಂಡ್ರೊಮಿಡಾದಂಥ ಜೋಡಿ ಹುಡುಕುವಾಗ ಎಡವುವುದು ಲೆಕ್ಕದಲ್ಲಿ. ಸ್ಥಾನವನ್ನು h ಎಂಬ ಹಬಲ್ ಅಂಶದಿಂದ (ಬ್ರಹ್ಮಾಂಡ ಹಿಗ್ಗುವ ದರ ಸೂಚಿಸುವ ಸಂಖ್ಯೆ), ಅಂದರೆ 0.6774ರಿಂದ ಭಾಗಿಸದಿದ್ದರೆ ದೂರ ಸುಮಾರು ಮೂರನೇ ಒಂದು ಪಾಲು ಕಡಿಮೆ ಬರುತ್ತದೆ. ಪಟ್ಟಿಯ ವೇಗದಲ್ಲಿ ಬ್ರಹ್ಮಾಂಡದ ಹಿಗ್ಗುವಿಕೆ ಸೇರಿಲ್ಲ. ಆಂಡ್ರೊಮಿಡಾದಷ್ಟು, ಅಂದರೆ 780 ಕಿಲೋಪಾರ್ಸೆಕ್ (ಸುಮಾರು 25 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ ಸುಮಾರು 53 ಕಿ.ಮೀ. ಕೂಡಿಸಲೇಬೇಕು. ಆಂಡ್ರೊಮಿಡಾ ನಮ್ಮತ್ತ ಬರುತ್ತಿರುವುದೇ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ, ಅಂದಮೇಲೆ ಕೂಡಿಸದಿದ್ದರೆ ಇದೆಷ್ಟು ದೊಡ್ಡ ತಪ್ಪು ನೋಡಿ! ಸಿಮ್ಯುಲೇಶನ್ ಪೆಟ್ಟಿಗೆಯ ಒಂದು ಅಂಚು ಎದುರಿನ ಅಂಚಿಗೇ ಕೂಡುತ್ತದೆ, ಅಲ್ಲಿನ ಜೋಡಿಗಳನ್ನು ಬಿಡಬೇಡಿ.

ದೊಡ್ಡ ಗ್ಯಾಲಕ್ಸಿಗಳ ಸುತ್ತ ತಿರುಗುವ ಪುಟ್ಟ ಉಪಗ್ಯಾಲಕ್ಸಿಗಳು ಮಾತ್ರ ಇದರಲ್ಲಿ ಮಸುಕು. ಅವಕ್ಕೆ ಇದೇ ಸರಣಿಯ, ಇನ್ನೂ ಸೂಕ್ಷ್ಮವಾದ ಟಿಎನ್‌ಜಿ50 ಬೇಕು.