ಸಿ ತಿರುಗಿ ಕರೆದಾಗ: ಜಿಎಚ್‌ಸಿಯ ಎಫ್‌ಎಫ್‌ಐ ಎಷ್ಟು ಭದ್ರ?

ಪಿಂಪ್ರಿ-ಚಿಂಚ್‌ವಡ್, ಚಾಕಣ್ ಕಡೆಯ ವಾಹನ ಉದ್ಯಮಕ್ಕೆ ಸಾಫ್ಟ್‌ವೇರ್ ಬರೆಯುವ ಪುಣೆಯ ಕನ್ನಡಿಗರಿಗೆ ಹಳೆಯ ಸಿ ಲೈಬ್ರರಿಗಳನ್ನು ಬಿಟ್ಟು ಗತಿಯಿಲ್ಲ. ಅವುಗಳ ಮೇಲೆ ಹ್ಯಾಸ್ಕೆಲ್ ಭಾಷೆಯ ಕೋಡ್ ಕೂರಿಸುವ ಮನಸ್ಸಿದ್ದರೆ ಮೊದಲು ಒರೆಗೆ ಹಚ್ಚಬೇಕಾದದ್ದು ಅದರ ಜಿಎಚ್‌ಸಿ ಕಂಪೈಲರಿನ ಎಫ್‌ಎಫ್‌ಐಯನ್ನು, ಅಂದರೆ ಬೇರೆ ಭಾಷೆಯ ಕೋಡಿನೊಂದಿಗೆ ಕೊಂಡಿ ಹಾಕುವ ವ್ಯವಸ್ಥೆಯನ್ನು. ಹ್ಯಾಸ್ಕೆಲ್‌ನಿಂದ ಸಿ ಫಂಕ್ಷನ್ ಕರೆಯುವುದು ಒಂದು ಸಾಲಿನ ಕೆಲಸ, ಅಲ್ಲಿ ತಕರಾರಿಲ್ಲ. ಸಿ ತಿರುಗಿ ಹ್ಯಾಸ್ಕೆಲ್ ಫಂಕ್ಷನ್ನನ್ನು ಕರೆಯುವ ಕಾಲ್‌ಬ್ಯಾಕ್ ವ್ಯವಸ್ಥೆಯೂ ಗಟ್ಟಿಯೇ, ಆದರೆ ಕಾವಲು ಪೂರ್ತಿ ನಿಮ್ಮದು.

'ರ‍್ಯಾಪರ್' ಇಂಪೋರ್ಟ್ ಹ್ಯಾಸ್ಕೆಲ್ ಫಂಕ್ಷನ್ನಿಗೆ ಸಿ ಕರೆಯಬಲ್ಲ ಪಾಯಿಂಟರ್ ಕೊಡುತ್ತದೆ. ಅದನ್ನು ಬೇಡವಾದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ತಾನಾಗಿ ತೆಗೆಯುವುದಿಲ್ಲ. ಲೂಪಿನೊಳಗೆ ಪ್ರತಿ ಸಲ ಹೊಸದು ಮಾಡುತ್ತಾ ಹೋದರೆ ಮೆಮೊರಿ ಸೋರುತ್ತದೆ. ಬೇಗ ಬಿಟ್ಟುಬಿಟ್ಟರೆ ಸಿ ಇಲ್ಲದ ವಿಳಾಸಕ್ಕೆ ಹಾರಿ ಪ್ರೋಗ್ರಾಂ ಬೀಳುತ್ತದೆ. ಆದ್ದರಿಂದ ಮೊದಲು ಸಿ ಕಡೆಯ ನೋಂದಣಿ ತೆಗೆಸಿ, ನಡೆಯುತ್ತಿರುವ ಕರೆ ಮುಗಿಯುವ ತನಕ ಕಾದು, ಆಮೇಲೆ ಆ ಪಾಯಿಂಟರನ್ನು ಬಿಡುಗಡೆ ಮಾಡುವ 'ಫ್ರೀಹ್ಯಾಸ್ಕೆಲ್‌ಫನ್‌ಪಿಟಿಆರ್' ಕರೆಯಿರಿ. ಕಾಲ್‌ಬ್ಯಾಕ್ ಓಡುತ್ತಿರುವಾಗ ಅದರೊಳಗಿಂದಲೇ ಅದನ್ನು ಬಿಡುಗಡೆ ಮಾಡಬೇಡಿ.

ಸಿ ಲೈಬ್ರರಿಯು ಕಾಲ್‌ಬ್ಯಾಕ್ ಜೊತೆ ನಿಮ್ಮ ಯೂಸರ್ ಡೇಟಾವನ್ನು 'ವಾಯ್ಡ್ ಸ್ಟಾರ್' (ಯಾವ ಬಗೆಯ ದತ್ತಾಂಶಕ್ಕೂ ಆಗುವ ಪಾಯಿಂಟರ್) ಆಗಿ ಒಯ್ಯುವಂತಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಸಿಗೆ ಹೆಸರಿನಿಂದ ಕಾಣುವಂತೆ 'ಫಾರಿನ್ ಎಕ್ಸ್‌ಪೋರ್ಟ್' ಮಾಡಿದ ಒಂದೇ ಫಂಕ್ಷನ್, ಜೊತೆಗೆ ದತ್ತಾಂಶಕ್ಕೊಂದು ಸ್ಟೇಬಲ್‌ಪಾಯಿಂಟರ್ (ಬದಲಾಗದ ಗುರುತು). ಕಲೆಕ್ಟರ್ ಹೀಪಿನ (ಹ್ಯಾಸ್ಕೆಲ್ ದತ್ತಾಂಶ ಇಡುವ ಮೆಮೊರಿಯ) ವಸ್ತುಗಳನ್ನು ಜಾಗ ಬದಲಿಸುತ್ತಿರುತ್ತದೆ, ಹಾಗಾಗಿ ಅವುಗಳ ನೇರ ವಿಳಾಸ ಸಿ ಕೈಗೆ ಹೋಗಕೂಡದು. ಸ್ಟೇಬಲ್‌ಪಾಯಿಂಟರನ್ನೂ ಒಮ್ಮೆ, ಒಮ್ಮೆ ಮಾತ್ರ, ಬಿಡುಗಡೆ ಮಾಡಬೇಕು.

ನಮ್ಮ ದೊಡ್ಡ ದೂರು ಇಂಪೋರ್ಟ್ ಸಾಲಿನಲ್ಲಿ ಬರೆಯುವ 'ಅನ್‌ಸೇಫ್' ಪದದ ಬಗ್ಗೆ. ವೇಗಕ್ಕೆಂದು ಹಲವರು ಇದನ್ನು ಎಲ್ಲೆಡೆ ಹಾಕುತ್ತಾರೆ. ಹಾಗೆ ಕರೆದ ಸಿ ಫಂಕ್ಷನ್ ಹ್ಯಾಸ್ಕೆಲ್‌ಗೆ ತಿರುಗಿ ಬರುವಂತಿಲ್ಲ, ಬಂದರೆ ಏನಾದೀತೆಂಬ ಖಾತರಿಯಿಲ್ಲ. ಸಿ ಕೋಡಿನ ಒಳಗನ್ನು ಕಂಪೈಲರ್ ನೋಡದ್ದರಿಂದ ಎಚ್ಚರಿಕೆಯೂ ಸಿಗದು. ಕಾಲ್‌ಬ್ಯಾಕ್ ಬರುವ ಸಾಧ್ಯತೆ ಇರುವಲ್ಲೆಲ್ಲ 'ಸೇಫ್' ಇರಲಿ. ಏನೂ ಬರೆಯದಿದ್ದರೆ ಸಿಗುವುದೂ ಅದೇ. ಸಿ ತನ್ನದೇ ಥ್ರೆಡ್‌ನಿಂದ ಕರೆಯುವುದಾದರೆ ಜಿಎಚ್‌ಸಿಯ 'ಥ್ರೆಡೆಡ್' ಆಯ್ಕೆಯೊಂದಿಗೆ ಲಿಂಕ್ ಮಾಡಲೇಬೇಕು.

ಇಂಪೋರ್ಟ್ ಸಾಲಿನ ಟೈಪ್ ಸಹಿಯಲ್ಲಿ ಪೂರ್ಣಾಂಕಕ್ಕೆ ಇಂಟ್ ಅಲ್ಲ, ಸಿಯ ಇಂಟ್‌ಗೆ ಹೊಂದುವ ಸಿಇಂಟ್ ಬಳಸಿ. 64 ಬಿಟ್ ಯಂತ್ರದಲ್ಲಿ ಹ್ಯಾಸ್ಕೆಲ್ ಇಂಟ್ 8 ಬೈಟ್, ಸಿಯ ಇಂಟ್ ಸಾಮಾನ್ಯವಾಗಿ 4.

ಹ್ಯಾಸ್ಕೆಲ್ ಎಸೆಯುವ ಎಕ್ಸೆಪ್ಶನ್ (ದೋಷ ಸೂಚನೆ) ನಡುವಿನ ಸಿ ಕರೆಗಳ ಫ್ರೇಮುಗಳನ್ನು ದಾಟಿ ಬರುವುದಿಲ್ಲ. ಕಾಲ್‌ಬ್ಯಾಕ್‌ನಲ್ಲಿ ಹಿಡಿಯದೆ ಬಿಟ್ಟರೆ ಇಡೀ ಪ್ರೋಗ್ರಾಂ ನಿಲ್ಲುತ್ತದೆ. 'ಟ್ರೈ'ಯಿಂದ ಹಿಡಿದು ದೋಷ ಸಂಖ್ಯೆಯಾಗಿ ಹಿಂತಿರುಗಿಸಿ. ಅನುಭವಿಗಳೂ ಎಡವುವುದು ಇಲ್ಲೇ: ಸೋಮಾರಿ ಮೌಲ್ಯವನ್ನು (ಬೇಕಾಗುವ ತನಕ ಲೆಕ್ಕ ಹಾಕದೆ ಇಟ್ಟದ್ದನ್ನು) ಹಾಗೇ 'ರಿಟರ್ನ್' ಮಾಡಿದರೆ ಅದರ ಲೆಕ್ಕ 'ಟ್ರೈ' ಮುಗಿದ ಮೇಲೆ ನಡೆಯುತ್ತದೆ, ಸೊನ್ನೆಯಿಂದ ಭಾಗಿಸಿದ ತಪ್ಪು ಜಾರಿಕೊಳ್ಳುತ್ತದೆ. 'ಟ್ರೈ' ಒಳಗೇ ಲೆಕ್ಕ ಆಗಲೇ ನಡೆಯುವಂತೆ 'ಇವ್ಯಾಲ್ಯುಯೇಟ್' ಹಾಕಿದರೆ ಸಿಕ್ಕಿಬೀಳುತ್ತದೆ.