ಬಾಂಬರ್ಗ್‌ನಲ್ಲಿ ಎರಡು ರಾತ್ರಿ: ಲಿಫ್ಟ್ ಇಲ್ಲ, ಮೆಟ್ಟಿಲು ಜಾಸ್ತಿ, ಆದ್ರೂ ಮತ್ತೆ ಅಲ್ಲೇ ಬುಕ್ ಮಾಡಿದೀನಿ

ಮೊದಲೇ ಹೇಳ್ಬಿಡ್ತೀನಿ, ಸ್ಟಾರ್ ಕೊಡೋದ್ರಲ್ಲಿ ನಾನು ಸ್ವಲ್ಪ ಜಿಪುಣಿ. ಈ ಗೆಸ್ಟ್ ಹೌಸ್‌ಗೆ 5ರಲ್ಲಿ 4 ಕೊಡ್ತಿದೀನಿ ಅಂದ್ರೆ ನಮ್ಮನೇಲಿ ಅದೇ ಸುದ್ದಿ. ಹೆಸರು ಹಾಕಲ್ಲ, ಯಾಕಂದ್ರೆ ಬೈಯೋದೂ ಇದೆ, ನಡೆಸೋ ಅಜ್ಜಿ ಪಾಪ ಒಳ್ಳೆಯವರು. ಆದ್ರೆ ಇಂಥ ಜಾಗ ಎಲ್ಲಿ ನೋಡ್ಬೇಕು, ಏನು ಕೇಳಿ ಬುಕ್ ಮಾಡ್ಬೇಕು ಅಂತ ಹೇಳ್ತೀನಿ.

ನಾವಿರೋದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಅಲ್ಲಿಂದ ಬಾಂಬರ್ಗ್ ಸುಮಾರು 60 ಕಿಲೋಮೀಟರ್, ರೀಜನಲ್ ಟ್ರೇನಲ್ಲಿ ಮುಕ್ಕಾಲು ಗಂಟೆ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಬಂದಿದ್ರು, ಶುಕ್ರವಾರ ಹೋಗಿ ಭಾನುವಾರ ಬರೋಣ, ಎರಡು ರಾತ್ರಿ ಅಲ್ಲೇ ಉಳ್ಕೊಳೋಣ ಅಂದಿದ್ದಕ್ಕೆ ಆಫೀಸಲ್ಲಿ ಎಲ್ಲರೂ ನಕ್ರು, ಬೆಳಿಗ್ಗೆ ಹೋಗಿ ಸಾಯಂಕಾಲ ವಾಪಸ್ ಬರೋ ಊರಲ್ಲಿ ಯಾರಾದ್ರೂ ರೂಮ್ ಮಾಡ್ತಾರಾ ಅಂತ. ಮಾಡ್ಬೇಕು ಸ್ವಾಮಿ. ಮುಂಚೆ ಎರಡು ಸಲ ನಾನೂ ಹಂಗೇ ಹೋಗಿ ಬಂದಿದೀನಿ, ನೆನಪಿರೋದು ಜನರ ಬೆನ್ನು ಮಾತ್ರ. ಮೈನ್-ಡ್ಯಾನ್ಯೂಬ್ ಕಾಲುವೆಗೆ ಕ್ರೂಸ್ ಹಡಗು ಬಂದು ನಿಲ್ತವೆ, ಅದ್ರಿಂದ ಇಳಿದವರೆಲ್ಲ ಗೈಡ್ ಹಿಂದೆ ಸಾಲಾಗಿ ಬಂದು ಸೇತುವೆ ತುಂಬಿಸಿಬಿಡ್ತಾರೆ, ಕಾಲಿಡಕ್ಕೆ ಜಾಗ ಇರಲ್ಲ. ಸಂಜೆ ಆರಾದ್ಮೇಲೆ ನೋಡಿದ್ರೆ ಇದು ಅದೇ ಊರಾ ಅನ್ಸತ್ತೆ.

ಟಿಕೆಟ್ ವಿಷ್ಯ ಬೇಗ ಮುಗಿಸ್ತೀನಿ. ನಮ್ಮಿಬ್ಬರ ಹತ್ರ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್, ಅಂದ್ರೆ ದೇಶ ಪೂರ್ತಿ ರೀಜನಲ್ ಟ್ರೇನಿಗೆ ಆಗೋ ಪಾಸ್, ಇದೆ (2023ರಲ್ಲಿ ಶುರುವಾದಾಗ 49 ಯೂರೋ, 2025ರಲ್ಲಿ 58 ಮಾಡಿದ್ರು, ಹೊಟ್ಟೆ ಉರಿಯತ್ತೆ), ಅಪ್ಪ ಅಮ್ಮನಿಗೆ ಬಾಯರ್ನ್ ಟಿಕೆಟ್, ಅಂದ್ರೆ ಬವೇರಿಯಾ ರಾಜ್ಯದೊಳಗೆ ಓಡಾಡೋ ಒಂದು ದಿನದ ಟಿಕೆಟ್, ತಗೊಂಡ್ವಿ. ಒಂದೇ ಟಿಕೆಟಲ್ಲಿ ಐದು ಜನದವರೆಗೂ ಹೋಗ್ಬಹುದು, ವಾರದ ದಿನ ಬೆಳಿಗ್ಗೆ 9ರಿಂದ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದ್ಲೇ, ಮಾರನೇ ದಿನ ಬೆಳಗಿನ ಜಾವ 3ರವರೆಗೆ. ಐಸಿಇ, ಐಸಿ ತರದ ದೂರದ ಫಾಸ್ಟ್ ಟ್ರೇನ್ ಹತ್ತಬಾರದು. ಟಿಕೆಟ್ ಮೇಲೆ ಹೆಸರು ಬರೀಬೇಕು, ಖಾಲಿ ಬಿಡಬೇಡಿ. ಅಮ್ಮನ ಪೂರ್ತಿ ಹೆಸರು ಆ ಗೆರೆ ಮೇಲೆ ಹಿಡಿಸದೆ ಕೊನೆಯ ಮೂರಕ್ಷರ ಮೇಲಕ್ಕೆ ಹತ್ತಿಸಿ ಬರೆದೆ, ಚೆಕಿಂಗ್‌ಗೆ ಬಂದವರು ಓದಕ್ಕೆ ಟ್ರೈ ಮಾಡಿ ನಕ್ಕು ವಾಪಸ್ ಕೊಟ್ರು.

ಈಗ ಗೆಸ್ಟ್ ಹೌಸ್. ಬಾಂಬರ್ಗ್‌ನಲ್ಲಿ ರೂಮ್ ಹುಡುಕುವಾಗ ಸ್ಟೇಷನ್ ಹತ್ರ ಕಮ್ಮಿ ರೇಟಿಗೆ ಸಿಗ್ತಾವೆ, ಸ್ಟೇಷನ್ನಿಂದ ಹಳೇ ಊರಿಗೆ ಇಪ್ಪತ್ತು ನಿಮಿಷದ ನಡಿಗೆ, ಬಸ್ಸೂ ಇದೆ. ಆದ್ರೆ ನನ್ ಮಾತು ಕೇಳಿ, ರೆಗ್ನಿಟ್ಸ್ ನದಿ ದಾಟಿ ಹಳೇ ಊರಲ್ಲೇ ಮಾಡಿ. ರಾತ್ರಿ ಊಟ ಆದ್ಮೇಲೆ ಒಂದು ರೌಂಡ್ ಹೋಗಿ ಬರೋಣ ಅನ್ನಕ್ಕೆ ಧೈರ್ಯ ಬರೋದು ರೂಮ್ ಪಕ್ಕದಲ್ಲೇ ಇದ್ರೆ ಮಾತ್ರ. ನಮಗೆ ಸಿಕ್ಕಿದ್ದು ಬೆಟ್ಟದ ಕಡೆ ಹೋಗೋ ಒಂದು ಗಲ್ಲಿ, ರೂಮಿಗೆ ರಾತ್ರಿಗೆ 92 ಯೂರೋ, ತಿಂಡಿ ಸೇರಿ.

ಕಷ್ಟ ಶುರುವಾಗಿದ್ದು ಬಾಗಿಲಲ್ಲೇ. ಚೆಕ್ ಇನ್ ಸಂಜೆ 6ರವರೆಗೆ ಮಾತ್ರ, ಆಮೇಲೆ ಬಂದ್ರೆ ಗೋಡೆ ಮೇಲಿರೋ ಡಬ್ಬಿಯಿಂದ ಕೀ ತಗೋಬೇಕು, ಅದರ ನಂಬರ್ ಇಮೇಲಲ್ಲಿ ಕಳಿಸ್ತೀವಿ ಅಂದಿದ್ರು. ಟ್ರೇನ್ ಲೇಟು, ನಾವು ತಲುಪಿದ್ದು 6:20ಕ್ಕೆ, ಮೇಲ್ ಬಂದಿಲ್ಲ, ಫೋನ್ ಎತ್ತಲ್ಲ, ಅಪ್ಪ ಸೂಟ್‌ಕೇಸ್ ಮೇಲೆ ಕೂತ್ಕೊಂಡು "ಇವತ್ತು ಇಲ್ಲೇ ಫುಟ್‌ಪಾತೇ ಗತಿ" ಅಂತ ಶುರು ಮಾಡಿದ್ರು. ಕೊನೆಗೆ ನಮ್ಮನೆಯವ್ರು ಸ್ಪಾಮ್ ಫೋಲ್ಡರ್ ನೋಡಿದ್ರೆ ಅಲ್ಲಿ ಬಿದ್ದಿತ್ತು. ಅದು ಅವರ ತಪ್ಪಲ್ಲ ಬಿಡಿ, ಆದ್ರೆ ಫೋನ್ ಎತ್ತಬಹುದಿತ್ತು.

ಆಮೇಲೆ ಮೆಟ್ಟಿಲು. ಹಳೇ ಕಟ್ಟಡ, 1993ರಿಂದ ಹಳೇ ಊರು ಯುನೆಸ್ಕೋ ಪಟ್ಟೀಲಿದೆ, ಇಂಥ ಕಡೆ ಲಿಫ್ಟ್ ಕೂರಿಸೋದು ಸುಲಭದ ಮಾತಲ್ಲ ಅಂತ ಗೊತ್ತು. ಆದ್ರೆ ಬುಕಿಂಗ್ ಪೇಜಲ್ಲಿ ಲಿಫ್ಟ್ ಇಲ್ಲ ಅನ್ನೋದನ್ನ ಅಷ್ಟು ಕೆಳಗೆ ಅಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ರೆ ಯಾರ ಕಣ್ಣಿಗೆ ಬೀಳತ್ತೆ? ಮೂರನೇ ಮಹಡಿ, 58 ಮೆಟ್ಟಿಲು, ಎಣಿಸಿದ್ದು ಅಪ್ಪ, ಅವರ ಮಂಡಿ ನೋವಿನ ಸಾಕ್ಷಿ ಸಮೇತ. ಆ ಒಂದು ಸ್ಟಾರ್ ಹೋಗಿದ್ದು ಇಲ್ಲೇ. ವಯಸ್ಸಾದವರನ್ನ ಕರ್ಕೊಂಡು ಹೋಗೋರು ಯಾವ ಮಹಡಿ ಅಂತ ಫೋನಲ್ಲೇ ಕೇಳ್ಕೊಳಿ.

ರೂಮ್ ಚಿಕ್ಕದು, ಎರಡು ಸೂಟ್‌ಕೇಸ್ ಬಿಚ್ಚಿದ್ರೆ ಓಡಾಡಕ್ಕಾಗಲ್ಲ, ಆದ್ರೆ ಬೆಡ್‌ಶೀಟಿಂದ ಹಿಡಿದು ಬಾತ್‌ರೂಮ್ ತನಕ ಥಳಥಳ ಅಂತಿತ್ತು. ಕೆಟಲ್ ಇತ್ತು, ಅಮ್ಮ ಕಾಫಿಪುಡಿ ಡಿಕಾಕ್ಷನ್ ಸಮೇತ ತಂದಿದ್ರು, ಸಮಸ್ಯೆ ಬಗೆಹರೀತು. ಕಿಟಕಿ ತೆಗೆದ್ರೆ ಹೆಂಚಿನ ಮಾಡುಗಳ ಹಿಂದೆ ಕ್ಯಾಥೆಡ್ರಲ್‌ನ ನಾಲ್ಕು ಗೋಪುರ.

ಸಂಜೆ ಏಳೂವರೆಗೆ ಸೇತುವೆಗೆ ಹೋದ್ವಿ. ನದಿ ಮಧ್ಯದಲ್ಲಿ ಹಳೇ ಟೌನ್ ಹಾಲ್ ಇದೆಯಲ್ಲ, ಬಿಷಪ್ಪು ಸೂಜಿಮೊನೆಯಷ್ಟೂ ಜಾಗ ಕೊಡಲ್ಲ ಅಂದಿದ್ದಕ್ಕೆ ಊರಿನವರು ನೀರಲ್ಲೇ ಕಂಬ ನೆಟ್ಟು ಕಟ್ಟಿಕೊಂಡ್ರು ಅಂತ ಕಥೆ. ಅದರ ಗೋಡೆ ತುಂಬ ಚಿತ್ರ. ಅಮ್ಮ ಸುಮಾರು ಹೊತ್ತು ನೋಡಿ "ಅಲ್ಲಿ ನೋಡೇ, ಆ ಮಗೂದು ಕಾಲು ಹೊರಗೆ ಬಂದಿದೆ" ಅಂದ್ರು. ನಿಜ, ಚಿತ್ರದಲ್ಲಿರೋ ಪುಟ್ಟ ದೇವದೂತನ ದುಂಡು ಕಾಲು ಒಂದು ಮಾತ್ರ ಬಣ್ಣದಲ್ಲಿ ಬರೆದಿದ್ದಲ್ಲ, ಗೋಡೆಯಿಂದ ಈಚೆಗೆ ಗೊಂಬೆ ತರ ಚಾಚಿಕೊಂಡಿದೆ. ಎರಡು ಸಲ ಬಂದು ಹೋಗಿದ್ರೂ ನನ್ ಕಣ್ಣಿಗೆ ಬಿದ್ದಿರಲಿಲ್ಲ. ಕೆಳಗೆ ನೀರಿನ ಸದ್ದು, ಪಕ್ಕದ ಉಂಟರೆ ಬ್ರ್ಯೂಕೆ ಸೇತುವೆ ಮೇಲೆ ಕಾಲೇಜು ಹುಡುಗ್ರು ಕೂತಿದ್ರು, ನಾವೂ ಕೂತ್ವಿ. ಅಲ್ಲಿಂದ ಮುಂದೆ ನದಿ ದಂಡೇಲಿ ನಡೆದ್ರೆ ಆಚೆ ದಡದಲ್ಲಿ ಕ್ಲೈನ್ ವೆನೇಡಿಗ್ ಅನ್ನೋ ಹಳೇ ಬೆಸ್ತರ ಮನೆಗಳ ಸಾಲು ಕಾಣತ್ತೆ, ಚಿಕ್ಕ ವೆನಿಸ್ ಅಂತೆ, ಫೋಟೋಗೆ ಚೆನ್ನಾಗಿದೆ ಅಷ್ಟೇ.

ಶನಿವಾರ ಬೆಳಿಗ್ಗೆ ಬೇಗ ಕ್ಯಾಥೆಡ್ರಲ್‌ಗೆ ಹೋಗಿ, ಗುಂಪುಗಳು ಬರೋ ಮುಂಚೆ. ಭಾನುವಾರಕ್ಕೆ ಇಟ್ಕೋಬೇಡಿ, ಪ್ರಾರ್ಥನೆ ನಡೀತಿದ್ರೆ ನೋಡಕ್ಕೆ ಬಂದೋರನ್ನ ಬಿಡಲ್ಲ. ಎಲ್ಲರೂ ಕುದುರೆ ಸವಾರನ ಶಿಲ್ಪ ನೋಡಕ್ಕೆ ನುಗ್ತಾರೆ, ಅವನ್ಯಾರು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ನಾನು ಹೇಳೋದು ನಡುವೆ ಇರೋ ಸಮಾಧಿ ಹತ್ರ ನಿಂತ್ಕೊಳಿ ಅಂತ. ಚಕ್ರವರ್ತಿ ಎರಡನೇ ಹೈನ್ರಿಖ್ ಮತ್ತೆ ಅವನ ಹೆಂಡ್ತಿ ಕುನಿಗುಂಡೆ, 1499ರಿಂದ 1513ರವರೆಗೆ ಟಿಲ್ಮನ್ ರೀಮೆನ್‌ಶ್ನೈಡರ್ ಕೆತ್ತಿದ್ದು. ಅದರ ಒಂದು ಪಕ್ಕದಲ್ಲಿ ರಾಣಿ ಸೆರಗು, ಅಂದ್ರೆ ಲಂಗದ ತುದಿ, ಎತ್ತಿ ಹಿಡ್ಕೊಂಡು ಕಾದ ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೀತಾಳೆ, ಶೀಲದ ಮೇಲೆ ಅನುಮಾನ ಬಂದಿತ್ತಂತೆ. ನಾನು ವಿವರಿಸಕ್ಕೆ ಬಾಯಿ ತೆಗೆಯೋ ಮುಂಚೆನೇ ಅಮ್ಮ "ಇಲ್ಲೂ ಇದೇನಾ" ಅಂದ್ರು, ಆಮೇಲೆ ಏನೂ ಹೇಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಎದುರಿಗಿರೋ ನೋಯೆ ರೆಸಿಡೆನ್ಸ್ ಅರಮನೆ ಹಿಂದೆ ಗುಲಾಬಿ ತೋಟ ಇದೆ, ದುಡ್ಡಿಲ್ಲ, ಅಲ್ಲಿ ಬೆಂಚ್ ಮೇಲೆ ಕೂತ್ರೆ ಇಡೀ ಊರಿನ ಮಾಡು ಕಾಣತ್ತೆ, ಮಂಡಿಗೂ ರೆಸ್ಟ್.

ಊಟಕ್ಕೆ ಸಸ್ಯಾಹಾರಿಗಳು ಹುಷಾರು. ಮೆನುವಲ್ಲಿ ಬಾಂಬರ್ಗರ್ ಟ್ಸ್ವೀಬೆಲ್ ಅಂದ್ರೆ ಬಾಂಬರ್ಗ್ ಈರುಳ್ಳಿ ಅಂತಿರತ್ತೆ, ಈರುಳ್ಳಿ ತಾನೇ ಅಂತ ಅಮ್ಮ ಆರ್ಡರ್ ಮಾಡೋದ್ರಲ್ಲಿದ್ರು, ಅದರೊಳಗೆ ತುಂಬಿರೋದು ಕೊಚ್ಚಿದ ಮಾಂಸ! ಮೇ ತಿಂಗಳಾದ್ರಿಂದ ಬಚಾವಾದ್ವಿ, ಜೂನ್ 24ರವರೆಗೆ ಷ್ಪಾರ್ಗೆಲ್ ಸೀಸನ್, ಬಿಳೀ ಆಸ್ಪರಾಗಸ್ ಆಲೂಗಡ್ಡೆ ಜೊತೆ. "ಓನೆ ಷಿಂಕೆನ್" ಅನ್ನಿ, ಹ್ಯಾಮ್ ಹಾಕಲ್ಲ. ಹಾಲಂಡೇಸ್ ಸಾಸಲ್ಲಿ ಮೊಟ್ಟೆ ಇರತ್ತೆ, ಬೇಡ ಅನ್ನೋರು ಕಾಸಿದ ಬೆಣ್ಣೆ ಕೇಳಿ, ಅಮ್ಮ ತುಪ್ಪನೇ ಅಂದ್ಕೊಂಡು ಎರಡನೇ ಸಲ ಹಾಕಿಸ್ಕೊಂಡ್ರು.

ಷ್ಲೆಂಕರ್ಲಾ ಅನ್ನೋ ಹಳೇ ಬಿಯರ್ ಅಂಗಡಿಗೆ ಹೋಗದೆ ಬಂದ್ರೆ ಇವ್ರು ಬಿಡ್ತಾರಾ. ಮಾಲ್ಟನ್ನ ಬೀಚ್ ಮರದ ಸೌದೆ ಹೊಗೇಲಿ ಒಣಗಿಸಿ ಮಾಡೋ ಬಿಯರ್, ರೌಖ್‌ಬಿಯರ್, ಅರ್ಧ ಲೀಟರ್ ಲೋಟಕ್ಕೆ ಈ ಕಡೆ ಸೈಡ್ಲಾ ಅಂತಾರೆ. ಅಪ್ಪ ಒಂದು ಗುಟುಕು ಕುಡಿದು "ಹೊಗೆ ಹಿಡಿದ ಹಾಲು ಕುಡಿದಂಗಾಯ್ತು, ನೀವೇ ಕುಡೀರಿ ಅಳಿಯಂದ್ರೇ" ಅಂತ ಲೋಟ ಆ ಕಡೆ ತಳ್ಳಿದ್ರು. ಇವ್ರು ಎರಡೂ ಮುಗಿಸಿದ್ರು. ನನಗೆ ಮೊದಲ ಗುಟುಕು ಕಷ್ಟ, ಮೂರನೇದಕ್ಕೆ ಪರವಾಗಿಲ್ಲ.

ತಿಂಡಿ ಪೂರ್ತಿ ಮಾರ್ಕ್ಸ್. ಬಿಸಿ ಬ್ರೆಡ್ ರೋಲ್, ಚೀಸು, ಮನೇಲಿ ಮಾಡಿದ ಜಾಮು, ಬೆಣ್ಣೆ ಬೆಣ್ಣೆ ಅನ್ನೋ ಹ್ಯೋರ್ನ್ಲಾ, ಅಂದ್ರೆ ಈ ಊರಿನ ಕ್ರೋಸಾಂಟ್. ಅಮ್ಮ ಮೊಟ್ಟೆ ತಿನ್ನಲ್ಲ ಅಂತ ಮೊದಲ ದಿನ ಒಂದು ಸಲ ಹೇಳಿದ್ದಷ್ಟೇ, ಎರಡನೇ ದಿನ ಅವರ ಜಾಗದಲ್ಲಿ ಮೊಟ್ಟೆ ಕಪ್ ಬದಲು ಸ್ಟ್ರಾಬೆರಿ ಬಟ್ಟಲು ಇತ್ತು. ಭಾನುವಾರ ಅಂಗಡಿ ಎಲ್ಲ ಬಂದ್ ಇರತ್ತೆ, ಟ್ರೇನಲ್ಲಿ ತಿನ್ನಕ್ಕೆ ಇನ್ನೆರಡು ಹ್ಯೋರ್ನ್ಲಾ ಅಜ್ಜಿನೇ ಕಟ್ಟಿಕೊಟ್ರು. ಅದಾದ್ಮೇಲೆ ಬಿಲ್ ತಂದು ಕ್ಯಾಶ್ ಮಾತ್ರ ಅಂದ್ರು ನೋಡಿ! ಅದನ್ನ ಎಲ್ಲೂ ಬರೆದಿರಲಿಲ್ಲ. ಇವ್ರು 58 ಮೆಟ್ಟಿಲು ಇಳಿದು ಎಟಿಎಂ ಹುಡುಕ್ಕೊಂಡು ಹೋಗಿ ಬಂದ್ರು, ಬರುವಷ್ಟರಲ್ಲಿ ಅಮ್ಮ ಅಜ್ಜಿ ಇಬ್ರೂ ಒಬ್ರ ಭಾಷೆ ಒಬ್ರಿಗೆ ಬರದೇ ಇದ್ರೂ ಜಾಮ್ ಮಾಡೋದು ಹೆಂಗೆ ಅಂತ ಕೈ ಸನ್ನೇಲೇ ಮುಗಿಸಿದ್ರು.

ಅಕ್ಟೋಬರ್‌ಗೆ ಮತ್ತೆ ಹೇಳಿದೀವಿ, ಈ ಸಲ ಒಂದನೇ ಮಹಡಿ ರೂಮು, ಕ್ಯಾಶ್ ಈಗ್ಲೇ ತೆಗೆದಿಟ್ಟಿದೀನಿ.